'ಫೇಮ್' ಮತ್ತು 'ಫ್ಯಾಮಿನ್': ನಿಮ್ಮ ಅಂಕಣಕ್ಕೊಂದು ತಿದ್ದುಪಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಪದಗಳ ಬಗ್ಗೆ ಬರುವ ಅಂಕಣವನ್ನು ನಾನು ತಪ್ಪದೆ ಓದುತ್ತೇನೆ. ಚೆನ್ನಾಗಿ ಬರೆಯುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಳೆದ ಭಾನುವಾರದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಇಂಗ್ಲಿಷಿನ 'ಫೇಮ್' ಮತ್ತು 'ಫ್ಯಾಮಿನ್' ಎರಡೂ ಲ್ಯಾಟಿನ್ನಿನ ಒಂದೇ ಬೇರಿನಿಂದ ಹುಟ್ಟಿದವು, ಕೀರ್ತಿಗೂ ಬರಗಾಲಕ್ಕೂ ಮೂಲ ಹಸಿವೇ, ಅದಕ್ಕೇ ಹೆಸರಿನ ಹಸಿವು ಎಷ್ಟು ಉಂಡರೂ ಇಂಗೋದಿಲ್ಲ ಅಂತ ಅಂಕಣಕಾರರು ಬರೆದಿದ್ದಾರೆ. ಓದೋಕೆ ಚೆಂದ. ಸೋಮವಾರದ ಹೊತ್ತಿಗೆ ಅದು ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂತು, ತಂಗಿಯ ಮನೆಯವರ ಗುಂಪಿಗೆ ಬಂತು, ಕೊನೆಗೆ ನೀರಿನ ಟ್ಯಾಂಕರ್ ಯಾವಾಗ ಬರುತ್ತೆ ಅಂತ ಕೇಳೋಕೆ ಮಾಡಿಕೊಂಡ ಅಪಾರ್ಟ್‌ಮೆಂಟಿನ ಗುಂಪಿಗೂ ಬಂದು ಬಿತ್ತು, ಕೆಳಗೆ ಕೈಮುಗಿದ ಚಿತ್ರಗಳ ಸಮೇತ. ತೊಂದರೆ ಏನಪ್ಪಾ ಅಂದ್ರೆ, ಅದು ಸುಳ್ಳು.

ನಾನು ಪಂಡಿತನೇನಲ್ಲ. ಹುಡುಗನಾಗಿದ್ದಾಗ ಪಾದ್ರಿ ಆಗಬೇಕು ಅಂತ ಸೆಮಿನರಿ ಸೇರಿದ್ದೆ, ಆಗಲಿಲ್ಲ, ಆದರೆ ಅಲ್ಲಿ ತಲೆಗೆ ಹೊಕ್ಕ ಲ್ಯಾಟಿನ್ ಮಾತ್ರ ಹೊರಗೆ ಹೋಗಲಿಲ್ಲ. ಆಮೇಲೆ ಬದುಕೆಲ್ಲಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ. ಹಾಗಾಗಿ ಇದನ್ನು ಸುಮ್ನೆ ಬಿಡೋಕೆ ಮನಸ್ಸಾಗಲಿಲ್ಲ.

ಲ್ಯಾಟಿನ್ನಿನಲ್ಲಿ ಎರಡು ಪದಗಳಿವೆ. ಒಂದು 'ಫಾಮ', ಇದರ ಮೊದಲ ಅಕ್ಷರ ದೀರ್ಘ. ಇನ್ನೊಂದು 'ಫಮೇಸ್', ಇದರದ್ದು ಹ್ರಸ್ವ. ಫಾಮ ಅಂದರೆ ಮಾತು, ಸುದ್ದಿ, ಜನ ಆಡಿಕೊಳ್ಳೋದು. ಫಮೇಸ್ ಅಂದರೆ ಹಸಿವು. ಫಾಮದಿಂದ ಹಳೇ ಫ್ರೆಂಚ್ ಮೂಲಕ ಇಂಗ್ಲಿಷಿಗೆ 'ಫೇಮ್' ಬಂತು, ಸುಮಾರು 1200ರ ಹೊತ್ತಿಗೆ. ಫಮೇಸ್‌ನಿಂದ 'ಫ್ಯಾಮಿನ್' ಬಂತು, 'ಫ್ಯಾಮಿಶ್' ಬಂತು. ಇವೆರಡೂ ಒಂದೇ ಬುಡದವು ಅನ್ನೋದು, ಕನ್ನಡ ಬಾರದವನೊಬ್ಬ ಬಳೆಯನ್ನೂ ಬಾಳೆಯನ್ನೂ ನೋಡಿ ಎರಡೂ ದುಂಡಗಿವೆ, ಹೆಸರೂ ಹತ್ತಿರ ಇದೆ, ಅಕ್ಕತಂಗಿಯರೇ ಇರಬೇಕು ಅಂದಹಾಗೆ.

ಈ ಗೊಂದಲ ಎಲ್ಲಿಂದ ಬಂತು ಅಂತ ನನಗೊಂದು ಅಂದಾಜಿದೆ. ಇಟಾಲಿಯನ್ ಭಾಷೆಯಲ್ಲಿ ಹಸಿವಿಗೆ ಬರೆಯೋದೇ ಎಫ್, ಎ, ಎಂ, ಇ ಅಂತ. ಓದೋದು 'ಫಾಮೆ'. ಇಟಲಿಯ ಹೋಟೆಲಿನಲ್ಲಿ ಕೂತು ಒಬ್ಬ 'ಓ ಫಾಮೆ' ಅಂದರೆ 'ನಾನು ಜಗತ್ಪ್ರಸಿದ್ಧ' ಅಂತ ಹೇಳಿಕೊಂಡ ಹಾಗಲ್ಲ, ಹೊಟ್ಟೆ ಹಸೀತಿದೆ ಅಂತ ಅರ್ಥ. ಕೀರ್ತಿಗೆ ಅವರಲ್ಲಿ ಬೇರೆ ಪದ ಇದೆ, 'ಫಾಮ' ಅಂತಲೇ. ಅಕ್ಷರ ಒಂದೇ ಅಂತ ನೋಡಿ ಯಾರೋ ಗಂಟು ಹಾಕಿದ್ದಾರೆ, ಇನ್ಯಾರೋ ಅದನ್ನು ಫಾರ್ವರ್ಡ್ ಮಾಡಿದ್ದಾರೆ, ಅಂಕಣಕಾರರ ಕೈಗೂ ಸಿಕ್ಕಿದೆ. ಇಂಥದ್ದು ನಮ್ಮಲ್ಲೂ ಉಂಟು. ಶ್ರವಣಬೆಳಗೊಳದ 'ಶ್ರವಣ' ಅಂದರೆ ಕೇಳೋದು, ಅಲ್ಲಿ ಧರ್ಮ ಶ್ರವಣ ನಡೀತಿತ್ತು ಅಂತ ಹೇಳೋರಿದ್ದಾರೆ. ಅದು ಶ್ರಮಣ, ಅಂದರೆ ಜೈನ ಮುನಿ. ಬಾಯಿಂದ ಬಾಯಿಗೆ ಬಂದು ಶ್ರವಣ ಆಯಿತು, ಅಷ್ಟೇ.

ಈಗ ಆ ಫಾಮದ ಮನೆತನ ನೋಡಿ. ಅದರ ಹಿಂದೆ ಇರೋದು 'ಫಾರಿ' ಅನ್ನೋ ಕ್ರಿಯಾಪದ. ಫಾರಿ ಅಂದರೆ ಮಾತಾಡು. ಇದರ ಸಂತಾನ ಇಂಗ್ಲಿಷಿನಲ್ಲಿ ಎಲ್ಲೆಲ್ಲೂ ಇದೆ, ಗುರುತು ಸಿಗೋದು ಮಾತ್ರ ಕಷ್ಟ. 'ಇನ್‌ಫಂಟ್' ಅಂದರೆ ಮಾತು ಬಾರದ್ದು, ಅದಕ್ಕೇ ಹಸುಗೂಸು. 'ಫೇಟ್' ಅಂದರೆ ದೇವರು ನುಡಿದಾಗಿದೆ, ಇನ್ನು ಬದಲಿಲ್ಲ ಅನ್ನೋದು, ಅಂದರೆ ವಿಧಿ. 'ಫೇಬಲ್' ಅಂದರೆ ಹೇಳುವ ಕತೆ. 'ಪ್ರಿಫೇಸ್' ಅಂದರೆ ಮುಂಚೆ ಆಡುವ ಮಾತು, ನಮ್ಮ ಮುನ್ನುಡಿಯ ಹಾಗೇ. ತಪ್ಪೊಪ್ಪಿಗೆಯ 'ಕನ್ಫೆಸ್' ಇದೇ ಮನೆಯದು, ನನ್ನ ಹೊಟ್ಟೆ ಹೊರೆದ 'ಪ್ರೊಫೆಸರ್' ಅನ್ನೋ ಪದವೂ ಇದೇ ಮನೆಯದು. ಗ್ರೀಕಿನ ಕಡೆ ಹೋದರೆ 'ಫೋನ್' ಕೂಡ ದೂರದ ನೆಂಟ, ದನಿ ಅನ್ನೋ ಅರ್ಥದ 'ಫೋನೆ'ಯಿಂದ ಬಂದದ್ದು. ಫೋನು ಹಿಡಿದುಕೊಂಡು ಫೇಮಸ್ ಆಗೋ ಹುಡುಗ ಹುಡುಗಿಯರಿಗೆ ಇದು ಗೊತ್ತಿದ್ದರೆ ಒಂದು ರೀಲ್ಸ್ ಆಗುತ್ತಿತ್ತು.

ಮಾತಿನ ಅರ್ಥ ಇಂಗ್ಲಿಷಿಗೆ ಬಂದ ಮೇಲೂ ಬಹಳ ಕಾಲ ಉಳಿದಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೋಸೇಫನ ಅಣ್ಣತಮ್ಮಂದಿರು ಈಜಿಪ್ಟಿಗೆ ಬಂದ 'ಫೇಮ್' ಫರೋಹನ ಅರಮನೆಯಲ್ಲಿ ಕೇಳಿಬಂತು ಅಂತಿದೆ. ಬರಗಾಲಕ್ಕೆ ಕಾಳು ಹುಡುಕಿಕೊಂಡು ಬಂದ ಆ ಅಣ್ಣತಮ್ಮಂದಿರಿಗೆ ಕೀರ್ತಿ ಗೀರ್ತಿ ಏನಿತ್ತು? ಬಂದಿದ್ದಾರಂತೆ ಅನ್ನೋ ಸುದ್ದಿ ಹೋಯಿತು, ಅಷ್ಟೇ ಅರ್ಥ. (ಒಂದೇ ಕತೆಯಲ್ಲಿ ಫೇಮೂ ಇದೆ, ಫ್ಯಾಮಿನೂ ಇದೆ. ಅಂಕಣಕಾರರು ಇದನ್ನು ಹಿಡಿದುಕೊಂಡಿದ್ದರೂ ಬೇಕಿತ್ತು!) ಅದೇ ಬೈಬಲಿನ ಯೋಬನ ಪುಸ್ತಕದಲ್ಲಿ ಸಾವು ಹೇಳುತ್ತದೆ, ಜ್ಞಾನದ ಫೇಮನ್ನು ನಮ್ಮ ಕಿವಿಯಿಂದ ಕೇಳಿದ್ದೇವೆ ಅಂತ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ದೊಡ್ಡ ನಿಘಂಟು ತಂದಾಗಲೂ ಈ ಪದಕ್ಕೆ ಹೆಸರುವಾಸಿಯಾಗಿರೋದು ಅಂತ ಒಂದು ಅರ್ಥ, ಗಾಳಿಸುದ್ದಿ ಅಂತ ಇನ್ನೊಂದು ಅರ್ಥ ಕೊಟ್ಟಿದ್ದ. ಗಾಳಿಸುದ್ದಿ ಆಮೇಲೆ ನಿಧಾನಕ್ಕೆ ಕಳಚಿಕೊಂಡಿತು.

ರೋಮನ್ನರಿಗೆ ಫಾಮ ಒಬ್ಬ ದೇವತೆ. ದೇವತೆ ಅಂದೆ, ನೀವು ಕಮಲದ ಮೇಲೆ ಕೂತ ಲಕ್ಷ್ಮಿಯನ್ನು ನೆನೆಸಿಕೊಳ್ಳಬೇಡಿ. ವರ್ಜಿಲ್ ಕವಿ ತನ್ನ 'ಈನಿಯಡ್' ಕಾವ್ಯದ ನಾಲ್ಕನೇ ಭಾಗದಲ್ಲಿ ಅವಳನ್ನು ವರ್ಣಿಸಿದ್ದಾನೆ, ಅದನ್ನು ಓದಿದರೆ ಮೈ ಜುಮ್ ಅನ್ನುತ್ತದೆ. ಅವಳಿಗಿಂತ ಬೇಗ ಓಡುವ ಕೇಡು ಇನ್ನೊಂದಿಲ್ಲ. ನಡೆದಷ್ಟೂ ಬಲ ಜಾಸ್ತಿ. ಮೊದಲು ಪುಟ್ಟದಾಗಿ, ಅಂಜುತ್ತಾ ಹೊರಡುತ್ತಾಳೆ. ನೋಡ ನೋಡುತ್ತಾ ಕಾಲು ನೆಲದ ಮೇಲೆ, ತಲೆ ಮೋಡದಲ್ಲಿ. ಮೈತುಂಬಾ ಗರಿ. ಎಷ್ಟು ಗರಿಯೋ ಅಷ್ಟು ಕಣ್ಣು, ಅಷ್ಟು ನಾಲಗೆ, ಅಷ್ಟು ಬಾಯಿ, ನಿಮಿರಿದ ಅಷ್ಟು ಕಿವಿ. ರಾತ್ರಿ ನಿದ್ದೆ ಮಾಡೋದಿಲ್ಲ, ಭೂಮಿ ಆಕಾಶದ ನಡುವೆ ಕತ್ತಲಲ್ಲಿ ಹಾರುತ್ತಿರುತ್ತಾಳೆ. ಹಗಲು ಯಾರದೋ ಮನೆ ಮಾಡಿನ ಮೇಲೆ ಕೂತು ಕಾಯುತ್ತಾಳೆ, ಊರಿಗೆ ಊರೇ ಹೆದರುವ ಹಾಗೆ. ನಿಜ ಎಷ್ಟು ಹೇಳುತ್ತಾಳೋ ಸುಳ್ಳನ್ನೂ ಅಷ್ಟೇ ಬಿಗಿಯಾಗಿ ಹಿಡಿದುಕೊಂಡಿರುತ್ತಾಳೆ.

ಯಾಕೆ ಬಂದಳು ಅನ್ನೋದೂ ಮುಖ್ಯ. ಕಾರ್ತೇಜಿನ ರಾಣಿ ಡೈಡೋ ಮತ್ತು ಟ್ರಾಯ್ ಪಟ್ಟಣದಿಂದ ಬಂದ ಈನಿಯಸ್ ಬೇಟೆಗೆ ಹೋದಾಗ ಮಳೆ ಬಂದು ಒಂದು ಗುಹೆಯಲ್ಲಿ ಸೇರುತ್ತಾರೆ. ಇನ್ನು ರಾಣಿಗೆ 'ಫಾಮ'ದ ಚಿಂತೆ ಇರಲಿಲ್ಲ ಅಂತಾನೆ ಕವಿ. ಇಲ್ಲಿ ಫಾಮ ಅಂದರೆ ಮಾನ, ಒಳ್ಳೇ ಹೆಸರು. ಅದಾದ ಎರಡು ಮೂರು ಸಾಲಿಗೇ ಅದೇ ಫಾಮ ರೆಕ್ಕೆ ಬಡಿದುಕೊಂಡು ಎದ್ದು, ಊರೂರಿಗೆ ಹೋಗಿ ಇವರಿಬ್ಬರ ವಿಷಯ ಹಬ್ಬಿಸುತ್ತಾಳೆ. ಒಂದೇ ಪದ. ಒಂದು ಕಡೆ ರಾಣಿ ಕಳಕೊಂಡ ಮರ್ಯಾದೆ, ಇನ್ನೊಂದು ಕಡೆ ಅದನ್ನು ಕಳೆದ ಊರ ಬಾಯಿ. ಸುದ್ದಿ ಅವಳನ್ನು ಮದುವೆಯಾಗಬೇಕೆಂದಿದ್ದ ಪಕ್ಕದ ರಾಜನ ಕಿವಿಗೆ ಬೀಳುತ್ತದೆ, ಅವನು ದೇವರ ಹತ್ತಿರ ದೂರುತ್ತಾನೆ, ದೇವರು ಈನಿಯಸನಿಗೆ ಹೊರಡು ಅಂತ ಹೇಳಿ ಕಳಿಸುತ್ತಾನೆ, ಡೈಡೋ ಕತ್ತಿಗೆ ಬಿದ್ದು ಸಾಯುತ್ತಾಳೆ. ನಮ್ಮಲ್ಲಿ ಅಗಸನ ಒಂದು ಮಾತಿಗೆ ಸೀತೆ ಕಾಡಿಗೆ ಹೋದ ಕತೆಯನ್ನು ಮನೆಮನೆಯಲ್ಲೂ ಹೇಳುತ್ತಾರೆ. ಅಲ್ಲಿ ಬರೋದೂ ಲೋಕಾಪವಾದ, ಅಂದರೆ ಲೋಕ ಆಡುವ ಕೆಟ್ಟ ಮಾತು. ಊರ ಬಾಯಿ ಮುಚ್ಚೋಕಾಗುತ್ತಾ?

ವರ್ಜಿಲ್ ಆದ ಮೇಲೆ ಓವಿಡ್ ಅನ್ನೋ ಇನ್ನೊಬ್ಬ ರೋಮನ್ ಕವಿ ಅವಳಿಗೊಂದು ಮನೆ ಕಟ್ಟಿಕೊಟ್ಟ. ಭೂಮಿ, ಕಡಲು, ಆಕಾಶ ಮೂರೂ ಕೂಡುವ ಜಾಗದಲ್ಲಿ ಬೆಟ್ಟದ ತುದಿಯ ಮೇಲೆ. ಸಾವಿರ ಕಿಂಡಿ, ಒಂದಕ್ಕೂ ಬಾಗಿಲಿಲ್ಲ. ಪೂರ್ತಿ ಕಂಚಿನ ಮನೆ, ಯಾರು ಏನಂದರೂ ಮೊಳಗುತ್ತದೆ. ಒಳಗೆ ಮೌನ ಇಲ್ಲ, ಹಾಗಂತ ಕೂಗಾಟವೂ ಇಲ್ಲ, ದೂರದಿಂದ ಕೇಳುವ ಕಡಲಿನ ಹಾಗೆ ಬರೀ ಗುಜುಗುಜು. ಕೇಳಿದವನು ಮುಂದಿನವನಿಗೆ ಹೇಳುವಾಗ ತನ್ನದೂ ಸ್ವಲ್ಪ ಸೇರಿಸುತ್ತಾನೆ. ಎರಡು ಸಾವಿರ ವರ್ಷದ ಹಿಂದೆ ಬರೆದದ್ದು ಸ್ವಾಮೀ, ಇಂಟರ್ನೆಟ್ ನೋಡಿ ಬರೆದದ್ದಲ್ಲ.

ಇಂಗ್ಲಿಷರಲ್ಲಿ ಈ ಮನೆಗೆ ಹೋಗಿಬಂದವನು ಛಾಸರ್. ಸುಮಾರು 1380ರಲ್ಲಿ. ಆಗ ಅವನು ಲಂಡನ್ ಬಂದರಿನಲ್ಲಿ ಉಣ್ಣೆ ಮೇಲಿನ ಸುಂಕದ ಲೆಕ್ಕ ನೋಡುವ ಕೆಲಸದಲ್ಲಿದ್ದ. 'ಹೌಸ್ ಆಫ್ ಫೇಮ್' ಅಂತ ಅವನದೊಂದು ಕನಸಿನ ಕಾವ್ಯ. ಒಂದು ಹದ್ದು ಅವನನ್ನು ಎತ್ತಿಕೊಂಡು ಹೋಗುತ್ತಾ, ದಿನವೆಲ್ಲಾ ಲೆಕ್ಕ ಬರೀತೀಯ, ಮನೆಗೆ ಬಂದು ಮತ್ತೆ ಇನ್ನೊಂದು ಪುಸ್ತಕದ ಮುಂದೆ ಕಲ್ಲಿನ ಹಾಗೆ ಕೂರ್ತೀಯ, ಪಕ್ಕದ ಮನೆ ಸುದ್ದಿಯೂ ನಿನಗೆ ಗೊತ್ತಿಲ್ಲ ಅಂತ ರೇಗಿಸುತ್ತದೆ. ಫೇಮ್ ದೇವಿಯ ಅರಮನೆ ಇರೋದು ಒಂದು ಬಂಡೆಯ ಮೇಲೆ. ಹತ್ತಿ ನೋಡಿದರೆ ಅದು ಕಲ್ಲಲ್ಲ, ಮಂಜುಗಡ್ಡೆ. ಅದರ ಮೇಲೆ ದೊಡ್ಡ ದೊಡ್ಡವರ ಹೆಸರು ಕೆತ್ತಿದ್ದಾರೆ. ಬಿಸಿಲು ಬೀಳುವ ಕಡೆಯ ಹೆಸರುಗಳು ಕರಗಿ ಒಂದೋ ಎರಡೋ ಅಕ್ಷರ ಅಳಿಸಿಹೋಗಿವೆ, ಓದೋಕಾಗಲ್ಲ. ಅರಮನೆಯ ನೆರಳು ಬೀಳುವ ಕಡೆಯವು ಈಗಷ್ಟೇ ಬರೆದಷ್ಟು ಹೊಸದಾಗಿವೆ. ಗಮನಿಸಿ, ಹೆಸರಿನವರ ಯೋಗ್ಯತೆಗೂ ಕರಗುವುದಕ್ಕೂ ಏನೂ ಸಂಬಂಧವಿಲ್ಲ. ಯಾವ ಪಕ್ಕಕ್ಕೆ ಕೆತ್ತಿದರು ಅನ್ನೋದಷ್ಟೇ.

ಒಳಗೆ ದೇವಿಯ ದರ್ಬಾರು. ಗುಂಪು ಗುಂಪಾಗಿ ಜನ ಬಂದು ಬೇಡಿಕೊಳ್ಳುತ್ತಾರೆ. ಮೊದಲ ಗುಂಪಿನವರು ನಿಜಕ್ಕೂ ಒಳ್ಳೇ ಕೆಲಸ ಮಾಡಿದವರು, ಒಳ್ಳೇ ಹೆಸರು ಕೊಡು ತಾಯಿ ಅನ್ನುತ್ತಾರೆ. ಇಲ್ಲ ಅನ್ನುತ್ತಾಳೆ. ಯಾಕೆ? ನನಗೆ ಇಷ್ಟ ಇಲ್ಲ. ಎರಡನೇ ಗುಂಪೂ ಒಳ್ಳೆಯವರೇ, ಅವರಿಗೆ ಕೆಟ್ಟ ಹೆಸರನ್ನೇ ಕೊಡುತ್ತಾಳೆ. ಮೂರನೆಯವರೂ ಅಷ್ಟೇ ಒಳ್ಳೆಯವರು, ಅವರಿಗೆ ಮಾತ್ರ ಯೋಗ್ಯತೆಗಿಂತ ಒಂದು ಕೈ ಜಾಸ್ತಿ. ಏನೂ ಮಾಡದೆ ಕೂತ ಸೋಮಾರಿಗಳು ಬಂದು, ನಾವೂ ಏನೋ ಮಾಡಿದೆವು ಅಂತ ಜನ ಅಂದುಕೊಳ್ಳಲಿ ಅಂತಾರೆ. ಆಗಲಿ ಅಂತಾಳೆ. ಪಕ್ಕದಲ್ಲಿ ಗಾಳಿದೇವ ಎರಡು ಕಹಳೆ ಹಿಡಿದು ನಿಂತಿದ್ದಾನೆ, ಒಂದು ಹೊಗಳಿಕೆಯದು, ಚಿನ್ನದ್ದು. ಇನ್ನೊಂದು ನಿಂದೆಯದು, ಕಪ್ಪು ಹಿತ್ತಾಳೆಯದು. ಅವಳು ಯಾವುದು ಅಂತಾಳೋ ಅದನ್ನು ಊದುತ್ತಾನೆ. ಕೊನೆಗೆ ಬಂದ ಒಬ್ಬ, ನಾನು ದೇವಸ್ಥಾನ ಸುಟ್ಟವನು, ಒಳ್ಳೇದರಿಂದ ಹೆಸರು ಬರಲ್ಲ ಅಂತ ಗೊತ್ತಾಯ್ತು, ಕೆಟ್ಟದರಿಂದಲಾದರೂ ಬರಲಿ ಅಂತ ಸುಟ್ಟೆ ಅಂತಾನೆ. ಅವನಿಗೂ ಸಿಗುತ್ತದೆ.

ಇದು ಕವಿಯ ಕಲ್ಪನೆಯಷ್ಟೇ ಅನ್ನೋ ಹಾಗಿಲ್ಲ. ಕ್ರಿಸ್ತಪೂರ್ವ 356ರಲ್ಲಿ ಎಫೆಸಸ್ ಪಟ್ಟಣದ ಆರ್ಟೆಮಿಸ್ ದೇವಸ್ಥಾನಕ್ಕೆ ಹೆರೋಸ್ಟ್ರಾಟಸ್ ಅನ್ನುವವನು ಬೆಂಕಿ ಇಟ್ಟ, ಬರೀ ತನ್ನ ಹೆಸರು ಉಳಿಯಲಿ ಅಂತ. ಊರಿನವರು ಅವನಿಗೆ ಸಾವಿನ ಶಿಕ್ಷೆ ಕೊಟ್ಟು, ಇನ್ನು ಮುಂದೆ ಯಾರೂ ಅವನ ಹೆಸರು ಎತ್ತಬಾರದು ಅಂತ ಕಟ್ಟಪ್ಪಣೆ ಮಾಡಿದರು. ಶಿಕ್ಷೆಯ ಲೆಕ್ಕದಲ್ಲಿ ಇದು ಬಹಳ ಸರಿಯಾದ ಯೋಚನೆ, ಯಾಕೆಂದರೆ ಫೇಮ್ ಅಂದರೆ ಬಾಯಿಮಾತೇ ಆದ ಮೇಲೆ ಬಾಯಿ ಕಟ್ಟಿದರೆ ಮುಗೀತಲ್ವಾ. ಆದರೆ ಥಿಯೊಪೊಂಪಸ್ ಅನ್ನೋ ಇತಿಹಾಸಕಾರ ಆ ಹೆಸರನ್ನು ಬರೆದಿಟ್ಟುಬಿಟ್ಟ. ಈಗ ನಾನೂ ಬರೆದೆ. ನೀವು ಇದನ್ನು ಅಚ್ಚು ಹಾಕಿದರೆ ನಿಮಗೂ ಪಾಲು.

ಛಾಸರನ ಕಾವ್ಯದಲ್ಲಿ ಇನ್ನೊಂದು ಮನೆಯಿದೆ. ಅರಮನೆಯ ಹತ್ತಿರವೇ, ಬುಟ್ಟಿಯ ಹಾಗೆ ಕಡ್ಡಿಗಳಿಂದ ಹೆಣೆದದ್ದು, ನಿಲ್ಲದೆ ಗಿರಗಿರನೆ ತಿರುಗುತ್ತಿರುತ್ತದೆ. ಸುದ್ದಿಗಳೆಲ್ಲಾ ಮೊದಲು ಬರೋದು ಅಲ್ಲಿಗೆ. ಅಲ್ಲಿ ಒಂದು ನಿಜ ಮತ್ತು ಒಂದು ಸುಳ್ಳು ಒಂದೇ ಕಿಂಡಿಯಿಂದ ಹೊರಬೀಳೋಕೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತವೆ. ನಾನು ಮೊದಲು, ನಾನು ಮೊದಲು ಅಂತ ಜಗಳ. ಆಮೇಲೆ ರಾಜಿ ಆಗುತ್ತವೆ: ಇಬ್ಬರೂ ಬೆರೆತುಕೊಂಡು ಒಂದೇ ಆಗಿ ಹೋಗೋಣ, ಯಾರಿಗೂ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಸಿಗಬಾರದು. ನಿಮ್ಮ ಅಂಕಣದಲ್ಲಿ ಆಗಿರೋದೂ ಅದೇ ನೋಡಿ. ಫ್ಯಾಮಿನ್ ಬಂದದ್ದು ಹಸಿವಿನಿಂದ, ಇದು ನಿಜ. ಫೇಮ್ ಕೂಡ ಅಲ್ಲಿಂದಲೇ, ಇದು ಸುಳ್ಳು. ಎರಡೂ ಕೈಕೈ ಹಿಡಿದುಕೊಂಡು ನಮ್ಮ ಟ್ಯಾಂಕರ್ ಗುಂಪಿಗೆ ಬಂದವು.

ಇಷ್ಟೆಲ್ಲಾ ಯಾಕೆ, ಹಸಿವಾದರೇನು ಮಾತಾದರೇನು ಅಂತ ಕೇಳಬಹುದು. ವ್ಯತ್ಯಾಸ ಇದೆ. ಹಸಿವು ಅಂದಾಗ ವಿಷಯ ಪೂರ್ತಿ ಆ ಹೆಸರುವಾಸಿ ಮನುಷ್ಯನ ಹೊಟ್ಟೆಯೊಳಗೆ ಹೋಗಿಬಿಡುತ್ತದೆ, ಅವನ ಆಸೆ, ಅವನ ಚಟ, ಅವನ ಕರ್ಮ. ಮಾತು ಅಂದಾಗ ಆಡುವವರೂ ಬೇಕು, ಕೇಳುವವರೂ ಬೇಕು. ಅಂದರೆ ನಾವು ನೀವು. ಮುಖ್ಯವಾಗಿ ನೀವು, ಪತ್ರಿಕೆಯವರು.

ಕಾನೂನು ಇದನ್ನು ಚೆನ್ನಾಗಿ ಹಿಡಿದಿದೆ. 'ಡಿಫಮೇಷನ್' ಪದದ ಒಳಗೆ ಕೂತಿರೋದು ಅದೇ ಫಾಮ. ನಾವು ಕನ್ನಡದಲ್ಲಿ ಮಾನನಷ್ಟ ಅಂತೀವಿ, ಮಾನದ ಕಡೆಯಿಂದ ನೋಡ್ತೀವಿ. ಆದರೆ ಕೇಸು ನಿಲ್ಲೋದು ಮಾತಿನ ಮೇಲೆ. 1860ರ ದಂಡ ಸಂಹಿತೆಯಲ್ಲಿ 499ನೇ ಕಲಂ ಆಗಿದ್ದದ್ದು 2024ರ ಜುಲೈಯಿಂದ ಹೊಸ ನ್ಯಾಯ ಸಂಹಿತೆಯಲ್ಲಿ 356 ಆಗಿದೆ, ತಿರುಳು ಬದಲಾಗಿಲ್ಲ. ಒಬ್ಬನನ್ನೇ ಕೋಣೆಯಲ್ಲಿ ಕೂರಿಸಿಕೊಂಡು ಮುಖಕ್ಕೆ ಏನೇ ಬೈದರೂ ಅದು ಮಾನಹಾನಿ ಅನ್ನಿಸಿಕೊಳ್ಳೋದಿಲ್ಲ (ಬೇರೆ ಕಲಂ ಬೀಳಬಹುದು, ಪ್ರಯೋಗ ಮಾಡಬೇಡಿ). ಮೂರನೆಯವರ ಕಿವಿಗೆ ಬೀಳಬೇಕು, ಅವರ ಕಣ್ಣಲ್ಲಿ ಇವನು ಕೆಳಗೆ ಬೀಳಬೇಕು. ಅಂದರೆ ನಮ್ಮ ಮರ್ಯಾದೆಯನ್ನು ಇಟ್ಟುಕೊಂಡಿರೋದು ಮಂದಿ. ಮಧ್ಯಕಾಲದ ಯೂರೋಪಿನ ಚರ್ಚ್ ನ್ಯಾಯಾಲಯಗಳಲ್ಲಂತೂ ದೂರು ಕೊಡೋರೇ ಬೇಕಾಗಿರಲಿಲ್ಲ, ಒಬ್ಬನ ಬಗ್ಗೆ ಊರಲ್ಲಿ ಸಾಕಷ್ಟು ಫಾಮ ಎದ್ದಿದ್ದರೆ ವಿಚಾರಣೆ ಶುರು ಮಾಡಬಹುದಿತ್ತು.

ಇದರ ತಿರುಗುಮುರುಗು ಇನ್ನೂ ಮಜಾ. ರೋಮಿನಲ್ಲಿ 'ಇನ್‌ಫಾಮಿಯ' ಅನ್ನೋದು ಬೈಗುಳವಷ್ಟೇ ಆಗಿರಲಿಲ್ಲ, ಕಾನೂನಿನ ಕಳಂಕ. ಅದು ತಗಲಿದರೆ ಪೌರನ ಕೆಲವು ಹಕ್ಕುಗಳು ಹೋದವು. ಯಾರಿಗೆ ತಗಲುತ್ತಿತ್ತು? ಮೋಸಗಾರರಿಗೆ, ತಲೆಹಿಡುಕರಿಗೆ. ಅವರ ಜೊತೆಗೆ ದುಡ್ಡಿಗಾಗಿ ರಂಗದ ಮೇಲೆ ನಟಿಸುವವರಿಗೆ, ಅಖಾಡದಲ್ಲಿ ಹೊಡೆದಾಡುವ ಗ್ಲಾಡಿಯೇಟರುಗಳಿಗೆ. ಊರೆಲ್ಲಾ ಅವರನ್ನು ನೋಡೋಕೆ ಮುಗಿಬೀಳುತ್ತಿತ್ತು, ಗೋಡೆಗಳ ಮೇಲೆ ಅವರ ಹೆಸರು ಗೀಚುತ್ತಿತ್ತು, ಆದರೆ ಕಾನೂನಿನ ಲೆಕ್ಕದಲ್ಲಿ ಅವರು ಕೆಟ್ಟ ಹೆಸರಿನವರು. ಇವತ್ತು ಫೇಮಸ್ ಅಂದ ತಕ್ಷಣ ನಮಗೆ ನೆನಪಾಗೋದು ಆ ಎರಡೇ ಜಾತಿ: ಸಿನಿಮಾದವರು ಮತ್ತು ಆಟಗಾರರು. ಇನ್ನು 'ಫೇಮಸ್' ಅನ್ನೋ ಪದವೂ ಮೊದಲು ಅಂಥಾ ಮಡಿವಂತ ಪದವಲ್ಲ. ಶೇಕ್ಸ್‌ಪಿಯರನ ರೋಮನ್ ನಾಟಕವೊಂದರಲ್ಲಿ ಇಬ್ಬರು ಕಡಲ್ಗಳ್ಳರನ್ನು ಫೇಮಸ್ ಅಂತಲೇ ಕರೆದಿದ್ದಾರೆ.

ಕನ್ನಡಕ್ಕೆ ಬರೋಣ, ಯಾಕೆಂದರೆ ನನ್ನ ತಕರಾರಿನ ಉಳಿದರ್ಧ ಇಲ್ಲಿದೆ. ಅಂಕಣಕಾರರು ಕೊನೆಯಲ್ಲಿ, ಪಶ್ಚಿಮದವರಿಗೆ ಕೀರ್ತಿ ಅಂದರೆ ಹಸಿವು, ನಮಗೆ ಅದು ಸಾಧನೆ ಅಂತ ಒಂದು ಗೆರೆ ಎಳೆದಿದ್ದಾರೆ. ಆ ಗೆರೆ ನಿಲ್ಲೋದಿಲ್ಲ. ನಮ್ಮಲ್ಲೂ ಹೆಚ್ಚಿನ ಪದಗಳು ಬಾಯಿಗೇ ಸೇರಿದವು. 'ಕೀರ್ತಿ'ಯೂ ದಾಸರ 'ಕೀರ್ತನೆ'ಯೂ ಒಂದೇ ಕಡೆಯವು, ಹೆಸರೆತ್ತಿ ಹೇಳೋದು, ಹಾಡಿ ಹೊಗಳೋದು. 'ಖ್ಯಾತಿ'ಯ ಹಿಂದೆ ಇರುವ ಸಂಸ್ಕೃತ ಧಾತುವಿಗೂ ಹೇಳು, ತಿಳಿಸು ಅಂತಲೇ ಅರ್ಥ. ಆಖ್ಯಾನ, ವ್ಯಾಖ್ಯಾನ ಎಲ್ಲಾ ಅದರದ್ದೇ. 'ಸಂಖ್ಯೆ' ಕೂಡ ಅದೇ ಧಾತುವಿಂದ ಬಂದದ್ದು! ಫಾಲೋವರ್ಸ್ ಸಂಖ್ಯೆ ನೋಡಿ ಖ್ಯಾತಿ ಅಳೆಯೋ ಈಗಿನವರಿಗೆ ವ್ಯಾಕರಣದ ಬೆಂಬಲವೂ ಸಿಕ್ಕಂತಾಯಿತು. ಸಂಸ್ಕೃತವೇ ಯಾಕೆ, ಅಚ್ಚ ಕನ್ನಡದಲ್ಲೇ 'ಮನೆಮಾತಾದರು' ಅಂತೀವಲ್ಲ, ಅದಕ್ಕಿಂತ ಫಾಮಕ್ಕೆ ಹತ್ತಿರದ್ದು ನನಗೆ ಬೇರೆ ಭಾಷೆಯಲ್ಲಿ ಕಂಡಿಲ್ಲ.

ಆಡುವುದರ ಇನ್ನೊಂದು ತುದಿ ಕೇಳುವುದು. ವೇದದಲ್ಲಿ ಕೀರ್ತಿಗೆ 'ಶ್ರವಸ್' ಅನ್ನೋ ಪದ ಇದೆ, ಕಿವಿಗೆ ಬೀಳುವಂಥದ್ದು. ಹೋಮರನ ಗ್ರೀಕಿನಲ್ಲಿ ಅದೇ ಪದ 'ಕ್ಲೆಯೋಸ್'. ಎರಡೂ ಒಂದೇ ಬೇರಿನವು, ಇದು ಮೇಲ್ನೋಟದ ಹೋಲಿಕೆಯಲ್ಲ, ನಿಯಮಕ್ಕೆ ಕೂರುವ ಸಂಬಂಧ. ಅಳಿಯದ ಕೀರ್ತಿ ಅನ್ನೋ ಒಂದು ನುಡಿಗಟ್ಟು ಋಗ್ವೇದದಲ್ಲೂ ಇದೆ, ಹೋಮರನಲ್ಲೂ ಇದೆ, ಪದಕ್ಕೆ ಪದ ಹೊಂದುತ್ತದೆ ಅಂತ ಅಡಾಲ್ಬರ್ಟ್ ಕೂನ್ ಅನ್ನೋ ಜರ್ಮನ್ ವಿದ್ವಾಂಸ 1853ರಲ್ಲೇ ತೋರಿಸಿದ್ದ. ಪೆರಿಕ್ಲೀಸ್, ಹೆರಾಕ್ಲೀಸ್, ಕ್ಲಿಯೋಪಾತ್ರ, ಈ ಹೆಸರುಗಳ ಒಳಗೆಲ್ಲಾ ಇರೋದು ಆ ಕ್ಲೆಯೋಸ್. ನಮ್ಮ ವೈದ್ಯ ಸುಶ್ರುತನ ಹೆಸರಲ್ಲಿ ಅದರ ತಂಗಿ. ಉಕ್ರೇನಿನವರು 'ಸ್ಲಾವಾ ಉಕ್ರೇನಿ' ಅಂತ ಕೂಗೋದನ್ನು ಟೀವಿಯಲ್ಲಿ ಕೇಳಿದ್ದೀರಲ್ಲ, ಆ ಸ್ಲಾವಾ ಕೂಡ ಇದೇ ಮನೆತನ. ಅಂಕಣಕಾರರಿಗೆ ಬೆರಗು ಹುಟ್ಟಿಸೋ ನೆಂಟಸ್ತಿಕೆಯೇ ಬೇಕಿದ್ದರೆ ಇಷ್ಟು ನಿಜವಾದವು ಬಿದ್ದಿದ್ದವು.

ಇನ್ನು ಹೆಸರಿನ ಆಸೆ ನಮಗಿರಲಿಲ್ಲ ಅನ್ನೋರು ಒಮ್ಮೆ ಐಹೊಳೆಯ ಮೇಗುತಿ ಗುಡ್ಡ ಹತ್ತಬೇಕು. ದೇವಸ್ಥಾನದ ಪೂರ್ವದ ಹೊರಗೋಡೆಯಲ್ಲಿ 634ರ ಶಾಸನ ಇದೆ, ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಎಲ್ಲರೂ ಅದನ್ನು ನೋಡೋಕೆ ಹೋಗೋದು ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಸಂಗತಿಗಾಗಿ, ಭಯದಿಂದ ಹರ್ಷನ ಹರ್ಷವೇ ಇಳಿದುಹೋಯಿತು ಅಂತ ಕವಿ ಅಲ್ಲಿ ಶ್ಲೇಷೆ ಮಾಡಿದ್ದಾನೆ. ಆದರೆ ಕೊನೆಗೆ ಬನ್ನಿ. ರಾಜನ ಪ್ರಶಸ್ತಿ ಬರೆದು ಮುಗಿಸಿದ ರವಿಕೀರ್ತಿ ತನ್ನ ಬಗ್ಗೆಯೂ ಒಂದು ಪದ್ಯ ಹಾಕಿಕೊಂಡಿದ್ದಾನೆ: ಕವಿತೆಯಿಂದ ಕಾಳಿದಾಸ ಭಾರವಿಯರ ಕೀರ್ತಿ ಪಡೆದ ರವಿಕೀರ್ತಿಗೆ ಜಯವಾಗಲಿ. ಹೆಸರಲ್ಲೂ ಕೀರ್ತಿ, ಪ್ರಾಸದಲ್ಲೂ ಕೀರ್ತಿ! ಗುಡಿ ಕಟ್ಟಿಸಿದವನೂ ತಾನೇ, ಬರೆದವನೂ ತಾನೇ, ಹೊಗಳಿಕೊಂಡವನೂ ತಾನೇ. ನನಗೆ ಅವನ ಮೇಲೆ ಬಹಳ ಪ್ರೀತಿ. ಮಜಾ ಏನೆಂದರೆ ಆ ಕಲ್ಲಿನಿಂದ ಉಪಕಾರ ಆದದ್ದು ಕಾಳಿದಾಸನಿಗೂ. ಅವನ ಕಾಲ ಯಾವುದು ಅಂತ ತಲೆಕೆಡಿಸಿಕೊಳ್ಳೋ ವಿದ್ವಾಂಸರು, ಏನೇ ಆದರೂ 634ಕ್ಕಿಂತ ಈಚೆಗೆ ತರೋ ಹಾಗಿಲ್ಲ ಅಂತ ಹೇಳೋದು ರವಿಕೀರ್ತಿ ತನ್ನ ಜಂಬಕ್ಕೆ ಅವನ ಹೆಸರು ತೆಗೆದುಕೊಂಡದ್ದರಿಂದ.

ಕೊನೆಗೆ ನಿಮ್ಮ ಪತ್ರಿಕೆಯ ಬಗ್ಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಮೊನ್ನೆಯ ಸಂಚಿಕೆ ಮುಂದಿಟ್ಟುಕೊಂಡು ಪೆನ್ನು ಹಿಡಿದು ಕೂತೆ. ಖ್ಯಾತ ನಟ, ಖ್ಯಾತ ವೈದ್ಯರು, ಖ್ಯಾತ ಉದ್ಯಮಿ, ಖ್ಯಾತ ವಾಗ್ಮಿ. ಜಾಹೀರಾತಿನ ಪುಟದಲ್ಲಿ ಒಂದೇ ಬೀದಿಯ ಇಬ್ಬರು ಜ್ಯೋತಿಷಿಗಳು, ಇಬ್ಬರೂ ಖ್ಯಾತ. ಜಾಹೀರಾತಿಗೆ ದುಡ್ಡು ಕೊಟ್ಟಿರ್ತಾರೆ, ಬಿಡಿ. ಸುದ್ದಿಯಲ್ಲಿ ಯಾಕೆ? ಒಬ್ಬರು ನಿಜಕ್ಕೂ ಖ್ಯಾತರಾಗಿದ್ದರೆ ಹೆಸರು ಹಾಕಿದರೆ ಸಾಕು, ಓದುಗರಿಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಅವರು ಖ್ಯಾತರಲ್ಲ, ಆಗ ಆ ಪದ ಸುಳ್ಳು. ಎರಡು ರೀತಿಯಲ್ಲೂ ದಂಡ. ಅದರ ಬದಲು ಅವರು ಏನು ಮಾಡ್ತಾರೆ, ಎಲ್ಲಿಯವರು ಅಂತ ಒಂದು ತುಂಡು ಮಾಹಿತಿ ಹಾಕಿ, ಅಷ್ಟೇ ಜಾಗ ಹಿಡಿಯುತ್ತದೆ. ಅದೇ ರೀತಿ 'ಕುಖ್ಯಾತ ರೌಡಿ' ಅಂತ ದೊಡ್ಡ ಅಕ್ಷರದ ತಲೆಬರಹ ಕೊಟ್ಟು, ಫೋಟೋ ಹಾಕಿ, ಅವನ ಅಡ್ಡಹೆಸರಿನ ಕತೆ ಬರೆಯೋದು. ಹಿತ್ತಾಳೆ ಕಹಳೆಯಾದರೂ ಕಹಳೆಯೇ ತಾನೇ, ಊದಿಸಿಕೊಂಡವನಿಗೆ ಖುಷಿಯೇ. ನಮ್ಮೂರಿನ ಪಡ್ಡೆ ಹುಡುಗರು ಅಂಥ ತುಣುಕು ಕತ್ತರಿಸಿ ಸ್ಟೇಟಸ್ ಹಾಕಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಮುಂದಿನ ಭಾನುವಾರ ಅಂಕಣದ ಬುಡದಲ್ಲಿ ಫೇಮ್–ಫ್ಯಾಮಿನ್ ಬಗ್ಗೆ ನಾಲ್ಕು ಸಾಲಿನ ತಿದ್ದುಪಡಿ ಹಾಕಿದರೆ ಸಂತೋಷ. ಈ ಪತ್ರ ಉದ್ದವಾಯಿತು, ಎಲ್ಲಿ ಬೇಕಾದರೂ ಕತ್ತರಿಸಿ, ಹ್ರಸ್ವ ದೀರ್ಘದ ಸಾಲು ಮಾತ್ರ ಬಿಡಿ. ಹಾಗೇ ಅಂಕಣಕಾರರಿಗೆ ನನ್ನ ಕಡೆಯಿಂದ ಹೇಳಿ: ಅವರು ಮುಂದೆ 'ಗ್ಲಾಮರ್' ಬಗ್ಗೆ ಬರೆಯೋದಾದರೆ, ಅದು 'ಗ್ರಾಮರ್' ಪದವೇ ಸ್ಕಾಟ್ಲೆಂಡಿನವರ ಬಾಯಲ್ಲಿ ತಿರುಚಿಕೊಂಡು ಆದದ್ದು. ಓದು ಬಲ್ಲವರಿಗೆ ಮಾಟಮಂತ್ರವೂ ಬರುತ್ತದೆ ಅಂತ ಜನ ನಂಬಿದ್ದ ಕಾಲದಲ್ಲಿ ವ್ಯಾಕರಣಕ್ಕೆ ಮೋಡಿ ಅನ್ನೋ ಅರ್ಥ ಹತ್ತಿಕೊಂಡಿತು. ಕೇಳಿದರೆ ವಾಟ್ಸಾಪಿನವರು ಕಟ್ಟಿದ ಕತೆ ಅನ್ನಿಸುತ್ತದೆ, ಆದರೆ ಇದು ನಿಜ.

ಇಂತಿ,
ನಿಮ್ಮ ಹಳೇ ಓದುಗ, ನಿವೃತ್ತ ಇಂಗ್ಲಿಷ್ ಮೇಷ್ಟ್ರು
ಮಂಗಳೂರು